ನಡುವಿನ ಚೌಕ

ನನ್ನ ಗಂಡನನ್ನು ಕಡಿದ ಸುದ್ದಿಗೆ ಬಿ.ಸಿ.ರೋಡಿನ ಒಂದು ಸುದ್ದಿತಾಣ ತಪ್ಪು ಕತ್ತಿಯ ಚಿತ್ರ ಹಾಕಿತ್ತು. ಎರಡೂ ಕಡೆ ಹರಿತವಿರುವ ಉದ್ದದ ಚೂರಿ. ತುದಿಯಲ್ಲಿ ಮೂರು ಹನಿ ರಕ್ತ. ಅದನ್ನು ಹಿಡಿದ ಕೈ ಯಾವುದೋ ಬಿಳಿಯನದ್ದು.

ಸಮ್ಮೇದ್‌ನನ್ನು ಕಡಿದದ್ದು ಸೊಪ್ಪು ಕೊಯ್ಯುವ ಕತ್ತಿಯಲ್ಲಿ. ಠಾಣೆಯ ಮೇಜಿನ ಮೇಲೆ ಅದನ್ನು ನಾನು ನೋಡಿದ್ದೆ. ತುದಿ ಒಳಕ್ಕೆ ಬಾಗಿತ್ತು, ಮರದ ಹಿಡಿಗೆ ಸೈಕಲ್ ಟ್ಯೂಬು ಸುತ್ತಿತ್ತು.

ಒಂದು ತಿಂಗಳ ನಂತರ ಆ ಸುದ್ದಿತಾಣಕ್ಕೆ ಇ-ಮೇಲ್ ಬರೆದೆ. 'ಚಿತ್ರ ತಪ್ಪಾಗಿದೆ. ಕತ್ತಿ ಹೀಗಿರಲಿಲ್ಲ.' ಜೊತೆಗೆ ಸರಿಯಾದ ಕತ್ತಿಯನ್ನು ಪೆನ್ಸಿಲಿನಲ್ಲಿ ಬರೆದು ಕಳಿಸಿದೆ. ಮರುದಿನ ಸಂಪಾದಕ ಜಿತೇಶ್ ಫೋನ್ ಮಾಡಿದರು.

"ಮೇಡಂ, ಕ್ಷಮಿಸಬೇಕು. ಅದು ಅವಸರದಲ್ಲಿ ನೆಟ್‌ನಿಂದ ತೆಗೆದದ್ದು."

"ಆಯ್ತು."

"ಈ ಕತ್ತಿ ನೀವೇ ಬರೆದದ್ದಾ? ಚಂದ ಉಂಟು." ಹೇಳಿದ ಮೇಲೆ ಅವರಿಗೆ ಏನು ಹೇಳಿದೆನೆಂದು ಗೊತ್ತಾಯಿತು. ಮಾತು ತಿರುಗಿಸಿ, ಏನು ಓದಿದ್ದೀರಿ ಎಂದು ಕೇಳಿದರು. ಕೊಣಾಜೆಯ ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮ, ಎಂ.ಸಿ.ಜೆ. ಎಂದೆ. ವಾರ ಕಳೆದು ಕೆಲಸ ಕೊಟ್ಟರು. ಮೂಡುಬಿದಿರೆಯ ಮನೆಯಿಂದಲೇ ಮಾಡಬಹುದಾದ ಕೆಲಸ. ಸುದ್ದಿಯ ನೆತ್ತಿಯಲ್ಲಿ ಬರುವ ಚಿತ್ರ ಮಾಡುವುದು. ನಾವು ಅದನ್ನು ಹೆಡರ್ ಎನ್ನುತ್ತೇವೆ.

ಕೆಲಸಕ್ಕೆ ಸೇರಿದ ದಿನ ಅವರ 'ಕ್ರೈಂ' ಫೋಲ್ಡರ್ ತೆರೆದೆ. ನೂರ ನಲವತ್ತು ಚಿತ್ರಗಳಿದ್ದವು. ಚೂರಿ, ಹಗ್ಗ, ಗೋಡೆಗೆ ಸಿಡಿದ ಕೆಂಪು, ಬಿಳಿ ಬಟ್ಟೆ ಹೊದೆದ ಪಾದ. ಎಲ್ಲವನ್ನೂ ಅಳಿಸಿದೆ. ಜಿತೇಶ್ ಕೇಳಿದರು, "ಇನ್ನು ಕೊಲೆ ಆದರೆ ಏನು ಹಾಕುವುದು ಮಾರಾಯ್ರೇ?"

"ಜಾಗ ಹಾಕುವ. ಎಲ್ಲಿ ಆಯಿತೋ ಆ ಜಾಗ."

ಹಾಗೆ ಎರಡು ವರ್ಷ ನಡೆಯಿತು. ಪೊಳಲಿಯ ಕಡೆ ಒಬ್ಬ ತಮ್ಮನ ತಲೆಗೆ ಕಲ್ಲು ಹಾಕಿದ. ನಾನು ಖಾಲಿ ಜಗಲಿಯ ಚಿತ್ರ ಹಾಕಿದೆ. ಉಜಿರೆಯ ಒಂದು ಬಾಡಿಗೆ ಕೋಣೆಯಲ್ಲಿ ಹುಡುಗಿಯೊಬ್ಬಳ ಕುತ್ತಿಗೆ ಹಿಸುಕಿದರು. ನಾನು ಮುಚ್ಚಿದ ಬಾಗಿಲು ಹಾಕಿದೆ. ಒಬ್ಬ ತನ್ನ ಹೆಂಡತಿಗೆ ಆ್ಯಸಿಡ್ ಎರಚಿದ. ಆ ದಿನ ಬಸ್ ನಿಲ್ದಾಣದ ಬೆಂಚು. ಜನ ಓದಿದರು. ರಕ್ತ ಇಲ್ಲದಿದ್ದರೂ ಓದುತ್ತಾರೆ.

ಈ ಕೆಲಸಕ್ಕೆ ಅಳತೆಯಿದೆ. ಸಾವಿರದ ಇನ್ನೂರು ಅಗಲ, ಆರುನೂರ ಮೂವತ್ತು ಎತ್ತರ. ಅಕ್ಷರ ಐದಾರು ಪದಕ್ಕಿಂತ ಹೆಚ್ಚು ಬೇಡ, ಫೋನಿನಲ್ಲಿ ಕಾಣುವುದಿಲ್ಲ. ಮುಖವಿದ್ದರೆ ಕಣ್ಣು ಅಕ್ಷರದ ಕಡೆಗಿರಬೇಕು. ಇದನ್ನೆಲ್ಲ ಯಾರು ಬೇಕಾದರೂ ಕಲಿಯಬಹುದು. ಮರೆಯಬಾರದ್ದು ಒಂದೇ. ಸುದ್ದಿಯ ಲಿಂಕನ್ನು ವಾಟ್ಸ್ಆ್ಯಪ್‌ಗೆ ಹಾಕಿದಾಗ ಎಷ್ಟೋ ಫೋನುಗಳಲ್ಲಿ ಪೂರ್ತಿ ಚಿತ್ರ ಬರುವುದಿಲ್ಲ. ಎಡದ್ದೂ ಬಲದ್ದೂ ಕತ್ತರಿಸಿ ಹೋಗುತ್ತದೆ. ನಡುವಿನ ಚೌಕ ಮಾತ್ರ ಉಳಿಯುತ್ತದೆ. ಹೆಚ್ಚಿನವರು ನೋಡುವುದು ಅಷ್ಟನ್ನೇ. ಸುದ್ದಿಯನ್ನು ತೆರೆಯುವುದೇ ಇಲ್ಲ. ಹಾಗಾಗಿ ಆ ಚೌಕ ಒಂದೇ ನಿಂತರೂ ಸುಳ್ಳು ಹೇಳಬಾರದು.

ಇದನ್ನು ಪರೀಕ್ಷಿಸಲು ನಾನು ಅತ್ತೆಯ ಹಳೆಯ ಫೋನ್ ಬಳಸುತ್ತಿದ್ದೆ. ಲಿಂಕನ್ನು ಮೊದಲು ಅವರಿಗೆ ಕಳಿಸುವುದು. ಅತ್ತೆ ಪದ್ಮಲತಾ ಕನ್ನಡಕ ಹಾಕಿಕೊಂಡು ನೋಡುವರು.

"ಇವತ್ತು ಯಾರು?" ಎಂದು ಕೇಳುವರು.

"ನೋಡಿದರೆ ಏನು ಅನಿಸ್ತದೆ, ಹೇಳಿ ಅತ್ತೆ."

"ಯಾರೋ ಬಾವಿಗೆ ಬಿದ್ದ ಹಾಗೆ ಅನಿಸ್ತದೆ."

ಸರಿಯಿದ್ದರೆ ಪ್ರಕಟಿಸುತ್ತಿದ್ದೆ. ಮಗ ಸತ್ತ ಮೇಲೆ ಅತ್ತೆ ಹೀಗೆ ಮುನ್ನೂರಕ್ಕೂ ಹೆಚ್ಚು ಸಾವುಗಳನ್ನು ನೋಡಿಕೊಟ್ಟಿದ್ದಾರೆ. ಒಮ್ಮೆಯೂ ಬೇಡ ಎನ್ನಲಿಲ್ಲ.

ಸಮ್ಮೇದ್ ಸರ್ವೆಯರ್ ಆಗಿದ್ದ. ಬೆಳ್ತಂಗಡಿಯ ಆಚೆ ಎರಡು ಮನೆಯವರ ಜಾಗದ ಗಡಿ ಅಳೆಯಲು ಹೋಗಿದ್ದ. ಅಳತೆಯ ಟೇಪಿನ ಒಂದು ತುದಿ ಅವನ ಕೈಯಲ್ಲಿತ್ತು. ಇನ್ನೊಂದು ತುದಿ ಹಿಡಿದವನೇ ಕಡಿದ. ಮೊದಲು ಭುಜಕ್ಕೆ, ಆಮೇಲೆ ಕುತ್ತಿಗೆಗೆ. ಮೂವತ್ತೈದು ನಿಮಿಷ ಅವನು ರಸ್ತೆಯ ಬದಿ ಬಿದ್ದಿದ್ದ. ಹನ್ನೊಂದು ವಿಡಿಯೊಗಳಿವೆ. ಎಲ್ಲವನ್ನೂ ನೋಡಿದ್ದೇನೆ. ಒಂದರಲ್ಲಿಯೂ ಯಾರೂ ಅವನನ್ನು ಮುಟ್ಟಿಲ್ಲ. ಪೊಲೀಸ್ ಕೇಸಿನ ಹೆದರಿಕೆ ಎಂದರು.

ಹನೀಫಾನ ಫೋಟೋ ಬಂದದ್ದು ಒಂದು ಶುಕ್ರವಾರ.

ಅಂದು ಬೆಳಿಗ್ಗೆ ಒಂಬತ್ತೂವರೆಗೆ ವಾಮದಪದವಿನಲ್ಲಿ ತರುಣ್ ಎಂಬ ಹುಡುಗನನ್ನು ಕಡಿದಿದ್ದರು. ವಯಸ್ಸು ಇಪ್ಪತ್ತನಾಲ್ಕು. ಮುಖ ಮುಚ್ಚಿದ ಇಬ್ಬರು ಬೈಕಿನಲ್ಲಿ ಬಂದು, ಹೋಟೆಲಿನಿಂದ ಹೊರಗೆ ಬರುತ್ತಿದ್ದವನ ಹೊಟ್ಟೆಗೆ ಎರಡು, ಬೆನ್ನಿಗೆ ನಾಲ್ಕು ಏಟು ಹಾಕಿದರು. ಅವನು ಕರುಳನ್ನು ಕೈಯಲ್ಲಿ ಒತ್ತಿ ಹಿಡಿದು ರಸ್ತೆ ದಾಟಿ, ಒಂದು ಗೂಡ್ಸ್ ಆಟೋದ ಮುಂದೆ ಬಿದ್ದ. ಕಡಿದವರು ಅವನ ವಾಲಿಬಾಲ್ ತಂಡದವರೇ ಎಂದು ಪೊಲೀಸರು ಹೇಳಿದ್ದು ಮೂರು ದಿನಗಳ ಮೇಲೆ. ಆ ಶುಕ್ರವಾರ ಯಾರಿಗೂ ಏನೂ ಗೊತ್ತಿರಲಿಲ್ಲ. ಎಲ್ಲರೂ ಒಂದೊಂದು ಹೇಳುತ್ತಿದ್ದರು.

ಆಟೋ ಹನೀಫಾನದ್ದು. ಅವನು ಮದುವೆಗೆ ಬಾಡಿಗೆ ಕುರ್ಚಿ, ಶಾಮಿಯಾನ ಸಾಗಿಸುವವನು. ಇಳಿದು, ಹುಡುಗನನ್ನು ಎತ್ತಿ, ಕುರ್ಚಿಗಳನ್ನು ರಸ್ತೆಗೆ ಎಸೆದು ಜಾಗ ಮಾಡಿ, ಬಂಟ್ವಾಳದ ಆಸ್ಪತ್ರೆಗೆ ಓಡಿಸಿದ. ತರುಣ್ ದಾರಿಯಲ್ಲಿಯೇ ಸತ್ತ.

ನಮ್ಮ ವರದಿಗಾರ್ತಿ ನಿಖಿತಾ ಆಸ್ಪತ್ರೆಯ ಗೇಟಿನಲ್ಲಿ ಹನೀಫಾನ ಫೋಟೋ ತೆಗೆದಿದ್ದಳು. ನಲವತ್ತರ ಆಸುಪಾಸಿನ ಗಂಡಸು. ತಿಳಿ ನೀಲಿ ಶರ್ಟು ಕಾಲರಿನಿಂದ ಹೊಟ್ಟೆಯವರೆಗೆ ಕಪ್ಪು ಕೆಂಪಾಗಿತ್ತು. ಎರಡೂ ಮುಂಗೈಗಳಲ್ಲಿ ರಕ್ತ ಒಣಗಿತ್ತು. ನೇರ ಕ್ಯಾಮೆರಾ ನೋಡುತ್ತಿದ್ದ. ಆ ಚಿತ್ರವನ್ನು ನಾನು ಬಹಳ ಹೊತ್ತು ನೋಡಿದೆ.

ಒಪ್ಪಿಗೆ ಕೇಳಲು ಅವನಿಗೆ ಫೋನ್ ಮಾಡಿದೆ.

"ಹಾಕಿ ಮೇಡಂ, ತೊಂದರೆ ಇಲ್ಲ," ಎಂದ. "ಆದರೆ ಒಂದು ಗಂಟೆ ನಿಲ್ತೀರಾ? ಮನೆಗೆ ಹೋಗಿ ಸ್ನಾನ ಮಾಡಿ ಬೇರೆ ಫೋಟೋ ಕಳಿಸ್ತೇನೆ. ಇದರಲ್ಲಿ ನಾನು ಕೋಳಿ ಅಂಗಡಿಯವನ ಹಾಗೆ ಕಾಣ್ತೇನೆ."

"ಇದೇ ಇರಲಿ."

"ಹೆಂಡತಿ ನೋಡಿದರೆ ಹೆದರ್ತಾಳೆ. ಮತ್ತೆ ಬೈತಾಳೆ. ಅದು ಅವಳೇ ತೆಗೆದುಕೊಟ್ಟ ಶರ್ಟು."

"ನೀವು ಎತ್ತಿದ್ದು ಗೊತ್ತಾಗುವುದು ಆ ಶರ್ಟಿನಲ್ಲಿಯೇ," ಎಂದೆ.

"ಅದೂ ಹೌದು. ಎಲ್ಲರೂ ನೋಡ್ತಾ ನಿಂತಿದ್ರು ಮೇಡಂ. ಎತ್ತುವಾಗ ಆ ಹುಡುಗ ನನ್ನ ಕಾಲರ್ ಹಿಡಿದಿದ್ದ. ಬಿಡಲೇ ಇಲ್ಲ. ಕಡೆಗೆ ಗಾಡಿ ಓಡಿಸ್ಲಿಕ್ಕೆ ನಾನೇ ಬೆರಳು ಬಿಡಿಸಿದ್ದು." ಆಮೇಲೆ ಹೇಳಿದ, "ನಿಮಗೆ ಹೇಗೆ ಬೇಕೋ ಹಾಗೆ ಹಾಕಿ."

ಎಡಕ್ಕೆ ದೊಡ್ಡ ಅಕ್ಷರದಲ್ಲಿ 'ಎತ್ತಿಕೊಂಡು ಓಡಿದ ಹನೀಫಾ' ಎಂದು ಬರೆದೆ. ಬಲಕ್ಕೆ ಒಂದು ವೃತ್ತದಲ್ಲಿ ತರುಣ್‌ನ ಮುಖ ಇಟ್ಟೆ. ಕೆಳಗೆ ಅಡ್ಡಪಟ್ಟಿಯಲ್ಲಿ 'ವಾಮದಪದವು: ತರುಣ್ ಕೊಲೆ ಪ್ರಕರಣ'. ನಡುವೆ ಹನೀಫಾ, ಆ ಶರ್ಟಿನಲ್ಲಿ. ಎರಡು ವರ್ಷಗಳಲ್ಲಿ ನನ್ನ ಹೆಡರಿಗೆ ರಕ್ತ ಬಂದದ್ದು ಅದೇ ಮೊದಲು.

ಅತ್ತೆ ಬಸದಿಗೆ ಹೋಗಿದ್ದರು. ಫೋನೂ ಅವರ ಜೊತೆ ಹೋಗಿತ್ತು. ಜಿತೇಶ್ ಎರಡು ಸಲ ಕರೆ ಮಾಡಿದರು. "ಬೇರೆಯವರು ಹಾಕಿ ಆಯ್ತು ಸಾಧನಾ. ಕೊಡಿ, ಕೊಡಿ." ಒಂದು ನಲವತ್ತಕ್ಕೆ ಪ್ರಕಟಿಸಿದೆ. ಊಟ ಮಾಡಿದೆ. ಪಾತ್ರೆ ತೊಳೆದೆ.

ಮೂರು ಗಂಟೆಗೆ ಅತ್ತೆ ಬಂದರು. ಚಪ್ಪಲಿ ಬಿಡುತ್ತಾ ಫೋನನ್ನು ನನ್ನ ಕಡೆಗೆ ಹಿಡಿದರು.

"ಇವನನ್ನು ಹಿಡಿದರಾ?"

"ಯಾರನ್ನು?"

"ಆ ಹುಡುಗನನ್ನು ಕೊಂದವನನ್ನು. ಎಲ್ಲ ಗ್ರೂಪಿನಲ್ಲಿ ಬಂದಿದೆಯಲ್ಲ."

ಚೌಕದಲ್ಲಿ ಹನೀಫಾ ಇದ್ದ. ರಕ್ತದ ಶರ್ಟು, ರಕ್ತದ ಕೈ. ಎಡದ ಅಕ್ಷರ ಇರಲಿಲ್ಲ. ಬಲದ ವೃತ್ತ ಇರಲಿಲ್ಲ. ಅಡ್ಡಪಟ್ಟಿಯಲ್ಲಿ ನಡುವಿನ ಎರಡು ಪದ ಉಳಿದಿದ್ದವು. ತರುಣ್ ಕೊಲೆ. ಯಾರೋ ಆ ಚೌಕದ ಸ್ಕ್ರೀನ್‌ಶಾಟ್ ತೆಗೆದಿದ್ದರು. ಇನ್ಯಾರೋ ಅದರ ಕೆಳಗೆ ಆಟೋದ ನಂಬರು ಬರೆದಿದ್ದರು.

ಹೆಡರ್ ಬದಲಾಯಿಸಿದೆ. ಅದರಿಂದ ಏನೂ ಆಗುವುದಿಲ್ಲ ಎಂದು ನನಗೆ ಗೊತ್ತಿತ್ತು. ಒಮ್ಮೆ ಹೋದದ್ದು ಹೋದ ಹಾಗೆಯೇ ಇರುತ್ತದೆ. ಹನೀಫಾನಿಗೆ ಫೋನ್ ಮಾಡಿದೆ. ರಿಂಗ್ ಆಯಿತು, ಎತ್ತಲಿಲ್ಲ. ಐದು ಸಲ. ನಿಖಿತಾಳಿಗೆ ಮಾಡಿದೆ.

"ಅಕ್ಕ, ಅವರು ಸಿದ್ದಕಟ್ಟೆಗೆ ಹೋಗಿದ್ದಾರೆ. ನಾಳೆ ಮದುವೆ ಉಂಟಂತೆ, ಕುರ್ಚಿ ಇಳಿಸ್ಲಿಕ್ಕೆ. ಗಾಡಿ ಓಡಿಸುವಾಗ ಅವರು ಫೋನ್ ತೆಗೆಯುವುದಿಲ್ಲ."

"ಪೊಲೀಸರಿಗೆ ಹೇಳು."

"ಹೇಳಿದೆ. ವಾಮದಪದವಿನಲ್ಲಿ ಬಂದೋಬಸ್ತು, ಜನ ಇಲ್ಲ ಅಂತಾರೆ."

ಸ್ಕೂಟರ್ ತೆಗೆದೆ. ಮೂಡುಬಿದಿರೆಯಿಂದ ಸಿದ್ದಕಟ್ಟೆಗೆ ಅರ್ಧ ಗಂಟೆ ಬೇಕು. ಇಪ್ಪತ್ತು ನಿಮಿಷದಲ್ಲಿ ಹೋದೆ.

ಸಿದ್ದಕಟ್ಟೆ ಇನ್ನೂ ಎರಡು ಕಿಲೋಮೀಟರ್ ಇರುವಾಗ ಕೆಂಪು ಕಲ್ಲಿನ ಕೋರೆಯ ತಿರುವಿನಲ್ಲಿ ಕುರ್ಚಿಗಳು ಕಂಡವು. ಕೆಂಪು ಪ್ಲಾಸ್ಟಿಕ್ ಕುರ್ಚಿಗಳು ರಸ್ತೆಯ ತುಂಬ ಬಿದ್ದಿದ್ದವು. ಆಟೋದ ಗಾಜು ಒಡೆದಿತ್ತು. ಐದಾರು ಬೈಕು, ಎಂಟು ಜನ. ಶಾಮಿಯಾನದ ಕಬ್ಬಿಣದ ಪೈಪು ಒಬ್ಬನ ಕೈಯಲ್ಲಿತ್ತು. ಆಟೋದ ಮೇಲಿಂದಲೇ ತೆಗೆದದ್ದು.

ಹನೀಫಾ ಮಗ್ಗುಲಾಗಿ ಬಿದ್ದಿದ್ದ. ಮೊಣಕಾಲನ್ನು ಎದೆಗೆ ಎಳೆದುಕೊಂಡು, ಕೈಗಳಿಂದ ತಲೆ ಮುಚ್ಚಿಕೊಂಡಿದ್ದ. ಸ್ನಾನ ಮಾಡಿ ಬಿಳಿ ಶರ್ಟು ಹಾಕಿದ್ದ. ಪೈಪು ಮೊಣಕೈಗೆ ಬಿತ್ತು. ಒಣ ಬಿದಿರಿನ ಗಳ ಮುರಿದ ಹಾಗೆ ಕೇಳಿತು. ಕೈ ತಲೆಯಿಂದ ಜಾರಿತು. ಎರಡನೆಯ ಏಟು ತಲೆಗೆ ಬಿತ್ತು. ಇನ್ನೊಬ್ಬ ಕುರ್ಚಿ ಎತ್ತಿ ಮುಖಕ್ಕೆ ಬಡಿದ. ಕುರ್ಚಿಯ ಕಾಲು ಮುರಿಯಿತು. ಅವನಿಗೆ ಸಿಟ್ಟು ಬಂದು, ಮುರಿದ ಕಾಲಿನ ಚೂಪಿನಿಂದ ಚುಚ್ಚಿದ. ಹನೀಫಾ ಒಂದೇ ಮಾತು ಹೇಳುತ್ತಿದ್ದ. ನಾನಲ್ಲ, ನಾನಲ್ಲ.

ನಾನು ಗುಂಪಿನ ಒಳಗೆ ಹೋದೆ.

"ನೀವು ಹೋಗಿ ಅಕ್ಕ. ಇದು ನಿಮಗೆ ಸಂಬಂಧ ಇಲ್ಲ," ಎಂದ ಪೈಪಿನವನು.

"ಆ ಚಿತ್ರ ಮಾಡಿದವಳು ನಾನು."

ಒಬ್ಬ ಫೋನ್ ತೋರಿಸಿದ. "ಇದಾ?"

"ಅದು ಅರ್ಧ. ಪೂರ್ತಿ ಬೇರೆ ಉಂಟು."

"ಅರ್ಧವೋ ಪೂರ್ತಿಯೋ, ಮುಖ ಇವನದ್ದೇ ಅಲ್ಲವಾ?" ಎಂದ ಪೈಪಿನವನು. ಕೆಲವರು ನಕ್ಕರು.

ಫೋನಿನಲ್ಲಿ ಸುದ್ದಿಯನ್ನು ತೆರೆದು ಗಟ್ಟಿಯಾಗಿ ಓದಲು ತೊಡಗಿದೆ. 'ಗಾಯಾಳುವನ್ನು ಸ್ವತಃ ಎತ್ತಿಕೊಂಡು ಆಸ್ಪತ್ರೆಗೆ ಸಾಗಿಸಿದ ಗೂಡ್ಸ್ ಆಟೋ ಚಾಲಕ…' ಓದುತ್ತಿರುವಾಗಲೇ ಪೈಪು ಮತ್ತೆ ಮೇಲೆದ್ದಿತು. ಕೈ ಅಡ್ಡ ಹಿಡಿದೆ. ಪೈಪು ನನ್ನ ಎಡ ಮಣಿಕಟ್ಟಿಗೆ ಬಿತ್ತು. ಕೈ ತಾನಾಗಿಯೇ ಕೆಳಗೆ ನೇತಾಡಿತು. ಬಲಗೈಯಲ್ಲಿ ಫೋನ್ ಇತ್ತು. ಓದುವುದನ್ನು ಮುಂದುವರಿಸಿದೆ.

ವಿಡಿಯೊ ಮಾಡುತ್ತಿದ್ದವನು ತನ್ನ ಫೋನಿನಲ್ಲಿ ಅದೇ ಸುದ್ದಿ ತೆಗೆದು ನೋಡಿದ. "ಹೇ, ಇವ ಆಸ್ಪತ್ರೆಗೆ ಕೊಂಡುಹೋದವನಂತೆ ಮಾರಾಯ."

"ಅಂತೆ ಅಂದರೆ?"

"ಹಾಗೆ ಬರೆದಿದ್ದಾರೆ. ನೋಡು."

ನೋಡಿದರು. ಪೈಪು ಡಾಮರಿನ ಮೇಲೆ ಬಿದ್ದು ಸ್ವಲ್ಪ ದೂರ ಉರುಳಿತು. ಬೈಕುಗಳು ಒಂದೊಂದಾಗಿ ಹೊರಟವು. ಒಬ್ಬನ ಬೈಕು ಮಾತ್ರ ಸ್ಟಾರ್ಟ್ ಆಗಲಿಲ್ಲ. ಅವನು ಒದೆಯುತ್ತಲೇ ಇದ್ದ. ಉಳಿದವರು ಅವನಿಗಾಗಿ ನಿಲ್ಲಲಿಲ್ಲ. ಕುರ್ಚಿಯ ಕಾಲಿನಿಂದ ಚುಚ್ಚಿದವನು ಅವನೇ.

"ಬಾ. ಎತ್ತಬೇಕು, ಕಾಲು ಹಿಡಿ," ಎಂದೆ.

ಅವನು ನನ್ನನ್ನು ನೋಡಿದ. ಬೈಕನ್ನು ನೋಡಿದ. ಬಂದು ಕಾಲು ಹಿಡಿದ. ನಾನು ಒಂದೇ ಕೈಯನ್ನು ಹನೀಫಾನ ಕಂಕುಳಿಗೆ ಹಾಕಿ ಎಳೆದೆ. ತಲೆ ಹಿಂದಕ್ಕೆ ವಾಲಿತು. ಬಲಗಣ್ಣು ಇರಬೇಕಾದ ಜಾಗದಲ್ಲಿ ಇರಲಿಲ್ಲ. ಆಟೋದ ಹಿಂದೆ ಉಳಿದಿದ್ದ ಕುರ್ಚಿಗಳ ನಡುವೆ ಅವನನ್ನು ಮಲಗಿಸಿದೆವು. ನಾನು ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡೆ. ಬೈಕಿನವನು ಆಟೋ ಓಡಿಸಿದ.

ಮುಂದಿನ ಗಾಜು ಇರಲಿಲ್ಲ. ಗಾಳಿ ನೇರ ಒಳಗೆ ಬರುತ್ತಿತ್ತು. ಅವನು ಹಿಂದೆ ತಿರುಗದೆ ಕೇಳಿದ, "ಪೊಲೀಸರಿಗೆ ನನ್ನ ಹೆಸರು ಹೇಳ್ತೀರಾ?"

"ಏನು ಹೆಸರು?"

"ರೋಹಿತ್."

"ಹೇಳ್ತೇನೆ."

"ಹೂಂ," ಎಂದ. ವೇಗ ಕಡಿಮೆ ಮಾಡಲಿಲ್ಲ. ಬಂಟ್ವಾಳ ಬರುವಾಗ ಕೇಳಿದ, "ಉಸಿರು ಉಂಟಾ?"

"ಉಂಟು."

"ಉಳಿಯಲಿ ಅಕ್ಕ. ಉಳಿದರೆ ನನಗೂ ಒಳ್ಳೆಯದು."

ಹನೀಫಾ ಐದು ಗಂಟೆ ಹತ್ತು ನಿಮಿಷಕ್ಕೆ ಸತ್ತ. ರೋಹಿತ್ ಗೇಟಿನ ಹೊರಗೆ ಕುಕ್ಕರುಗಾಲಿನಲ್ಲಿ ಕುಳಿತಿದ್ದ. ಪೊಲೀಸರು ಬಂದಾಗ ಅವನ ಹೆಸರು ಹೇಳಿದೆ. ಅವನೂ ಎದ್ದು ನಿಂತು ಹೌದು ಎಂದ.

ನನ್ನ ಕೈಗೆ ಹಲಗೆ ಕಟ್ಟುತ್ತಿರುವಾಗ ಜಿತೇಶ್ ಫೋನ್ ಮಾಡಿದರು.

"ಹೇಗಿದ್ದೀರಿ? ಕೈ ಹೇಗುಂಟು? ಆ ದಾರಿಯಲ್ಲಿ ಹೋದ ಕಾರಿನವರೊಬ್ಬರು ಫೋಟೋ ಕಳಿಸಿದ್ದಾರೆ. ನೀವು ಅವನನ್ನು ಆಟೋಕ್ಕೆ ಎಳೆಯುವುದು. ಹೆಡರ್ ನಾನೇ ಮಾಡಿ ಹಾಕಿದ್ದೇನೆ. ಪ್ರಾಣ ಪಣಕ್ಕಿಟ್ಟ ಮಹಿಳೆ ಅಂತ."

"ನಮ್ಮ ಚಿತ್ರದಿಂದ ಆದದ್ದು ಎಂದು ಬರೆದಿದ್ದೀರಾ?"

"ಅದು ಈಗ ಬೇಡ. ಊರು ಹೇಗುಂಟು ಗೊತ್ತಲ್ಲ. ಅದು ತಾಂತ್ರಿಕ ವಿಷಯ ಮಾರಾಯ್ರೇ. ಜನರಿಗೆ ಅರ್ಥ ಆಗುವುದಿಲ್ಲ."

"ತೆಗೆಯಿರಿ ಅದನ್ನು."

"ನಲವತ್ತು ಸಾವಿರ ಜನ ನೋಡಿ ಆಯ್ತು," ಎಂದರು.

ಫೋನ್ ಇಟ್ಟೆ.

ಆರು ಗಂಟೆಗೆ ಹನೀಫಾನ ಹೆಂಡತಿ ಬಂದಳು. ಹೆಸರು ಶಹರ್ಬಾನು. ಜೊತೆಯಲ್ಲಿ ಅವಳ ಅಣ್ಣ ಸುಲೈಮಾನ್ ಇದ್ದ. ಶವ ಇಟ್ಟಿದ್ದ ಕೋಣೆಯ ಒಳಗೆ ಹೋದರು. ಹೊರಗೆ ಬಂದಾಗ ಸುಲೈಮಾನ್ ಫೋನನ್ನೂ ನನ್ನನ್ನೂ ನೋಡಿ ತಂಗಿಗೆ ಬ್ಯಾರಿ ಭಾಷೆಯಲ್ಲಿ ಏನೋ ಹೇಳಿದ. ಶಹರ್ಬಾನು ಬಂದು ನನ್ನ ಪಕ್ಕ ಬೆಂಚಿನಲ್ಲಿ ಕುಳಿತಳು. ನನ್ನ ಬಲಗೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದಳು.

"ನೀವು ಎತ್ತಿದ್ದಂತೆ," ಎಂದಳು. "ನೀವು ಇಲ್ಲದಿದ್ದರೆ ಅವರು ರಸ್ತೆಯಲ್ಲಿಯೇ…"

ನಾನು ಅವಳ ಕೈಯನ್ನು ನೋಡಿದೆ. ಅವಳು ಆ ಮಾತು ಪೂರ್ತಿ ಮಾಡುವವರೆಗೆ ಸುಮ್ಮನಿರಬಹುದಿತ್ತು. ಎದ್ದು ಮನೆಗೆ ಹೋಗಬಹುದಿತ್ತು.

"ಅವರೇ ಕೊಂದವರು ಎಂದು ಎಲ್ಲ ಕಡೆ ಹೋಯಿತಲ್ಲ, ಆ ಚಿತ್ರ ಮಾಡಿದ್ದು ನಾನು," ಎಂದೆ. "ಶರ್ಟು ಬದಲಾಯಿಸಿ ಬೇರೆ ಫೋಟೋ ಕಳಿಸ್ತೇನೆ ಎಂದಿದ್ದರು. ನಾನೇ ಬೇಡ ಎಂದದ್ದು."

ಅವಳು ಕೈ ಬಿಟ್ಟಳು. ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಹೊಡೆದಳು. ಮೊದಲು ಕೆನ್ನೆಗೆ. ಆಮೇಲೆ ಪಕ್ಕದಲ್ಲಿ ಇಟ್ಟಿದ್ದ ಕೊಡೆಯಲ್ಲಿ. ತಲೆಗೆ, ಹೆಗಲಿಗೆ, ಹಲಗೆ ಕಟ್ಟಿದ ಕೈಗೆ. ಕೊಡೆಯ ಕಡ್ಡಿ ಮುರಿದು ನನ್ನ ಹುಬ್ಬು ಸೀಳಿತು. ಸುಲೈಮಾನ್ ಅವಳನ್ನು ಹಿಡಿಯಲು ಬಂದ.

"ಬಿಡಿ," ಎಂದೆ.

ಸಾಕಾಗುವವರೆಗೆ ಹೊಡೆದಳು. ಆಮೇಲೆ ಅದೇ ಬೆಂಚಿನಲ್ಲಿ ಕುಳಿತಳು. ಬಹಳ ಹೊತ್ತು ಏದುಸಿರು ಬಿಡುತ್ತಿದ್ದಳು. ದಾದಿ ಬಂದು ನನ್ನ ಹುಬ್ಬಿಗೆ ಹತ್ತಿ ಒತ್ತಿ, ಇಬ್ಬರನ್ನೂ ನೋಡಿ, ಏನೂ ಕೇಳದೆ ಹೋದಳು.

"ತೋರಿಸಿ," ಎಂದಳು ಶಹರ್ಬಾನು.

"ಏನನ್ನು?"

"ಆ ಫೋಟೋ. ನಾನು ನೋಡಲಿಲ್ಲ. ಅಣ್ಣ ನೋಡಲಿಕ್ಕೆ ಬಿಡಲಿಲ್ಲ."

ನನ್ನ ಫೋನಿನಲ್ಲಿ ಉಳಿದಿದ್ದ ಹಳೆಯ ಹೆಡರನ್ನು ತೆರೆದು ಕೊಟ್ಟೆ. ಪೂರ್ತಿ ಅಗಲದ್ದು. ಅವಳು ಎರಡು ಬೆರಳಿನಿಂದ ಹಿಗ್ಗಿಸಿದಳು. ಅಕ್ಷರಗಳು ಪರದೆಯ ಹೊರಗೆ ಹೋದವು. ಮುಖ ಮಾತ್ರ ಉಳಿಯಿತು. ಒಳಗೆ ಅವಳು ನೋಡಿ ಬಂದ ಮುಖ ಬೇರೆ. ಕುಟುಂಬದವರು ಗುರುತು ಹಿಡಿದದ್ದು ಕೈಗಡಿಯಾರದಿಂದ.

"ಕಣ್ಣು ಸರಿಯಾಗಿ ಬಿದ್ದಿದೆ ಇದರಲ್ಲಿ," ಎಂದಳು. "ಯಾವ ಫೋಟೋದಲ್ಲಿಯೂ ಅವರು ಕಣ್ಣು ಮುಚ್ತಾರೆ. ಮದುವೆಯದ್ದರಲ್ಲಿಯೂ ಮುಚ್ಚಿದ್ದಾರೆ."

ಫೋನನ್ನು ಇನ್ನೂ ಹತ್ತಿರಕ್ಕೆ ಹಿಡಿದಳು.

"ನನಗೆ ಇದು ಬೇಕು. ಬರೆದದ್ದೆಲ್ಲ ತೆಗೆದು ಕೊಡಿ."

"ಮೂಲ ಫೋಟೋ ನನ್ನ ಹತ್ತಿರ ಉಂಟು. ಅದರಲ್ಲಿ ಏನೂ ಬರೆದಿಲ್ಲ." ಆಮೇಲೆ ಕೇಳಿದೆ, "ಶರ್ಟಿನ ರಕ್ತ? ಅದನ್ನೂ ತೆಗೆಯಬಹುದು. ಗೊತ್ತಾಗುವುದಿಲ್ಲ."

ಅವಳು ಮತ್ತೆ ನೋಡಿದಳು. ಈ ಸಲ ಮುಖದಿಂದ ಕೆಳಗೆ, ಕಾಲರಿನವರೆಗೆ, ಒಣಗಿದ ಮುಂಗೈಗಳವರೆಗೆ ಚಿತ್ರವನ್ನು ಸರಿಸಿದಳು.

"ಬೇಡ," ಎಂದಳು. "ಅದು ಹಾಗೇ ಇರಲಿ. ಮಕ್ಕಳಿಗೆ ಹೇಳ್ಬೇಕಲ್ಲ."

ನಂಬರು ಹೇಳಿದಳು. ಒಂದೇ ಕೈಯಲ್ಲಿ ಒತ್ತಿ ಕಳಿಸಿದೆ. ಅವಳ ಫೋನ್ ಸುಲೈಮಾನನ ಜೇಬಿನಲ್ಲಿ ಸದ್ದು ಮಾಡಿತು.